ಬ್ಯಾಟರಿ ಸೆಟಪ್ ಬೆಂಗಳೂರಿನಿಂದಲೇ ಮಾಡಿಕೊಡುತ್ತಾರಂತೆ, ಒಪ್ಪಬಹುದಾ?

ನಾಪೋಕ್ಲು ಹೋಂಸ್ಟೇ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಕಡೆ ತೋಟದ ಮನೆ, ಜೊತೆಗೆ ನಾಲ್ಕು ರೂಮಿನ ಹೋಂಸ್ಟೇ. ಮಳೆಗಾಲದಲ್ಲಿ ಇಲ್ಲಿನ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಒಂದು ರಾತ್ರಿ, ಮರವೇ ಬಿದ್ದು ಕಂಬ ಮುರಿದರೆ ದಿನಗಟ್ಟಲೆ ಕತ್ತಲು. ಡೀಸೆಲ್ ಹೊತ್ತು ಹೊತ್ತು ಸಾಕಾಗಿದೆ. ರಾತ್ರಿಯಿಡೀ ಜನರೇಟರ್ ಸದ್ದು ಮಾಡಿದರೆ ಗೆಸ್ಟ್‌ಗಳೂ ಮುಖ ಸಿಂಡರಿಸುತ್ತಾರೆ.

ಹಾಗಾಗಿ ಲಿಥಿಯಂ ಬ್ಯಾಟರಿ ಹಾಕಿಸೋಣ ಅಂತ ಹೊರಟಿದ್ದೇವೆ. ಬೆಂಗಳೂರಿನ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್ (ಲೈನ್, ಪ್ಯಾನೆಲ್, ಬ್ಯಾಟರಿ ಮೂರನ್ನೂ ನೋಡಿಕೊಳ್ಳುವಂಥದ್ದು), 51.2 ವೋಲ್ಟ್ 100 ಆಂಪ್-ಅವರ್ ಬ್ಯಾಟರಿ ಎರಡು, ಮಾಡಿನ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್. ಸಾಮಾನು ಲಾರಿಯಲ್ಲಿ ಬರುತ್ತದಂತೆ. ವೈರಿಂಗ್ ನಮ್ಮ ಎಲೆಕ್ಟ್ರಿಷಿಯನ್ ಮಾಡಬೇಕಂತೆ. ಉಳಿದ ಸೆಟಪ್ ಅವರು ಅಲ್ಲಿಂದಲೇ ನೆಟ್ ಮೂಲಕ ಮಾಡುತ್ತಾರಂತೆ. ಅದಕ್ಕೆ ‘ರಿಮೋಟ್ ಕಮಿಷನಿಂಗ್’ ಅಂತ ಬೇರೆ ಚಾರ್ಜ್. ಇಂಜಿನಿಯರ್ ಇಲ್ಲಿಗೇ ಬರಬೇಕು ಅಂದರೆ ಇನ್ನೂ ಜಾಸ್ತಿ ದುಡ್ಡು.

ಇದೆಲ್ಲ ಸರಿಯಾದ ಪದ್ಧತಿಯಾ, ಇಲ್ಲ ಸುಮ್ನೆ ಓಡಾಟ ತಪ್ಪಿಸಿಕೊಳ್ಳುವ ದಾರಿಯಾ? ಮಳೆಗಾಲದಲ್ಲಿ ನೆಟ್ಟೇ ಹೋದರೆ ಬ್ಯಾಟರಿ ಕೆಲಸ ಮಾಡುತ್ತದಾ? ಗೊತ್ತಿದ್ದವರು ಹೇಳಿ.

ಸಿದ್ದಾಪುರ ತೋಟ

ಬೇಡಮ್ಮ. ಅಷ್ಟು ದುಡ್ಡು ಕೊಟ್ಟು, ಅದನ್ನು ಕಣ್ಣಿಂದ ನೋಡದವನ ಕೈಗೆ ಕೊಡುವುದು ಯಾವ ನ್ಯಾಯ? ನಮ್ಮ ಕಡೆ ಆನೆ ಬೇಲಿಯ 12 ವೋಲ್ಟ್ ಬ್ಯಾಟರಿ ಕೈಕೊಟ್ಟರೂ ಒಬ್ಬ ಮನುಷ್ಯ ಬೇಲಿ ಉದ್ದಕ್ಕೂ ನಡೆದೇ ನೋಡಬೇಕು. ಬೆಂಗಳೂರಿನಲ್ಲಿ ಕೂತವನಿಗೆ ನಿಮ್ಮ ಗೋಡೆಯ ತೇವ ಕಾಣುತ್ತದಾ?

ವಿರಾಜಪೇಟೆ ಹುಡುಗ

ನಾನು ಮಾಡುವ ಕೆಲಸವೇ ಇದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಕಂಪನಿ ಹೆಸರು ಕೇಳಬೇಡಿ, ಇಲ್ಲಿ ಮಾರಾಟಕ್ಕೆ ಬಂದಿಲ್ಲ.

ಅಕ್ಕ, ಪದ್ಧತಿ ಇದೆ, ಮೋಸ ಅಲ್ಲ. ದೊಡ್ಡ ದೊಡ್ಡ ಬ್ಯಾಟರಿ ಘಟಕಗಳಲ್ಲೂ ಸೆಟಪ್‌ನ ಎಷ್ಟೋ ಭಾಗ ದೂರದಿಂದಲೇ ನಡೆಯುತ್ತದೆ. ಆದರೆ ‘ಸೆಟಪ್’ ಅಂತ ಒಂದೇ ಹೆಸರಿನಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಅದನ್ನು ಬಿಡಿಸಿ ನೋಡದೆ ಒಪ್ಪಂದ ಮಾಡಿಕೊಳ್ಳಬೇಡಿ.

ಮೊದಲನೆಯದು ಇನ್ವರ್ಟರ್ ತಲೆಗೆ ಬುದ್ಧಿ ಹೇಳುವ ಕೆಲಸ. ಬ್ಯಾಟರಿ ಯಾವ ಜಾತಿಯದು, ಎಷ್ಟು ವೋಲ್ಟ್‌ವರೆಗೆ ತುಂಬಬೇಕು, ಎಲ್ಲಿಗೆ ಬಂದಾಗ ನಿಲ್ಲಿಸಬೇಕು, ಲೈನ್ ಕರೆಂಟಿನಿಂದ ಚಾರ್ಜ್ ಮಾಡಬೇಕಾ ಬೇಡವಾ, ಹೊರಗೆ ಲೈನಿಗೆ ಎಷ್ಟು ಬಿಡಬೇಕು, ಸಾಫ್ಟ್‌ವೇರ್ ಹೊಸದಾ ಹಳೆಯದಾ. ಇವೆಲ್ಲ ದೂರದಿಂದ ಚೆನ್ನಾಗಿಯೇ ಆಗುತ್ತವೆ. ನಿಜ ಹೇಳಬೇಕೆಂದರೆ ಊರಿನ ಎಲೆಕ್ಟ್ರಿಷಿಯನ್ ಮೆನು ಒತ್ತಿ ಒತ್ತಿ ಮಾಡುವುದಕ್ಕಿಂತ ವಾಸಿ. ಆ ಮಾಡೆಲ್ ಅನ್ನು ದಿನಾ ನೋಡುವವನು ಮಾಡುತ್ತಾನೆ ಅಲ್ವಾ?

ಇನ್ನೊಂದು ಕೈಯಿಂದ ಆಗುವ ಕೆಲಸ. ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಗಟ್ಟಿಯಾಗಿ ಒತ್ತಿ ಕೂರಿಸಿದ್ದಾರಾ, ಬೋಲ್ಟ್ ಟೈಟ್ ಇದೆಯಾ, ಪ್ಲಸ್ ಮೈನಸ್ ಸರಿ ಇದೆಯಾ, ಅರ್ಥಿಂಗ್ ಹೇಗಿದೆ, ಡಿಸಿ ಫ್ಯೂಸ್ ಹಾಕಿದ್ದಾರಾ. ಇದನ್ನು ನಾನು ವಿಡಿಯೋದಲ್ಲಿ ನೋಡಿ ‘ಸರಿ ಇದೆ’ ಅಂದರೆ ಅದಕ್ಕೆ ಅರ್ಥವಿಲ್ಲ. ಮೀಟರ್ ಹಿಡಿದವನೇ ಹೇಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಇರಬೇಕು. 3.2 ವೋಲ್ಟಿನ 16 ಸೆಲ್ ಸಾಲಾಗಿ ಸೇರಿದರೆ 51.2. ಈ ಜಾತಿಯ ಸೆಲ್‌ನಲ್ಲಿ ಚಾರ್ಜ್ ಶೇ. 80ರಿಂದ 30ಕ್ಕೆ ಇಳಿದರೂ ವೋಲ್ಟೇಜ್ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ. ಲೆಡ್ ಆಸಿಡ್ ಜಾತಿಯ ಹಳೆಯ ಟ್ಯೂಬ್ಯುಲರ್ ಬ್ಯಾಟರಿಗೆ ಮೀಟರ್ ಹಿಡಿದು ‘ಅರ್ಧ ಇದೆ’ ಅಂತ ಹೇಳುತ್ತಿದ್ದ ಹಾಗೆ ಇಲ್ಲಿ ಹೇಳಲು ಆಗುವುದಿಲ್ಲ. ಬ್ಯಾಟರಿಯೊಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್, ಲೆಕ್ಕ ಇಟ್ಟು ಇನ್ವರ್ಟರ್‌ಗೆ ಹೇಳಬೇಕು. ಆ ಮಾತುಕತೆ ಒಂದು ಸಣ್ಣ ಕೇಬಲ್ ಮೂಲಕ ನಡೆಯುತ್ತದೆ. ನೋಡಲು ಥೇಟ್ ನೆಟ್ ಕೇಬಲ್. ಆದರೆ ಬ್ಯಾಟರಿ ಕಡೆ ಒಂದು ಪಿನ್ ಜಾಗ, ಇನ್ವರ್ಟರ್ ಕಡೆ ಇನ್ನೊಂದು ಇರಬಹುದು. ಮನೆಯಲ್ಲಿದ್ದ ನೆಟ್ ಕೇಬಲ್ ಚುಚ್ಚಿದರೆ ಮಾತೇ ಆಡುವುದಿಲ್ಲ. ಆಗ ಯಾರಾದರೂ ‘ಇರಲಿ’ ಅಂತ ಇನ್ವರ್ಟರ್‌ನಲ್ಲಿ ಲೆಡ್ ಆಸಿಡ್ ಅಂತ ಸೆಟ್ ಮಾಡಿ ಹೋಗುತ್ತಾರೆ. ಅದು ಟ್ಯೂಬ್ಯುಲರ್‌ಗೆ ಮಾಡುವ ಹಾಗೆ ಈಕ್ವಲೈಸ್ ಚಾರ್ಜ್ (ಸೆಲ್‌ಗಳನ್ನು ಸಮ ಮಾಡಲು ಆಗಾಗ ಕೊಡುವ ಹೆಚ್ಚಿನ ಚಾರ್ಜ್) ಅಂತ ವೋಲ್ಟೇಜ್ ಏರಿಸಬಹುದು. ಈ ಬ್ಯಾಟರಿಗೆ ಸೆಲ್‌ಗೆ 3.65ರಂತೆ 58.4 ವೋಲ್ಟ್ ಕಟ್ಟಕಡೆಯ ಮಿತಿ. ಅದನ್ನು ದಾಟಿದರೆ ಬಿಎಂಎಸ್ ಬ್ಯಾಟರಿಯನ್ನು ಉಳಿಸಲು ಕಟ್ ಮಾಡುತ್ತದೆ, ಮನೆ ಕತ್ತಲಾಗಬಹುದು. ಇದನ್ನು ನಾನು ಇಲ್ಲಿ ಕೂತೇ ಕಂಡುಹಿಡಿಯಬಹುದು. ಆದರೆ ಕೇಬಲ್ ಬದಲಾಯಿಸಲು ಅಲ್ಲಿ ಒಬ್ಬರು ಬೇಕೇ ಬೇಕು.

ಪೊನ್ನಂಪೇಟೆ ವೈರಿಂಗ್

ಆ ‘ಅಲ್ಲಿ ಒಬ್ಬರು’ ಅಂದರೆ ನಾವೇ. ನಮ್ಮ ಕಡೆಯ ಮಾತನ್ನೂ ಕೇಳಿ.

ಇಂಥ ಕೆಲಸಕ್ಕೆ ನನ್ನನ್ನು ಕರೆಯುತ್ತಾರೆ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಸ್ಪ್ಯಾನರ್. ‘ಸ್ವಲ್ಪ ಎಡಕ್ಕೆ ತೋರಿಸಿ, ಲೇಬಲ್ ಓದಿ, ಮೀಟರ್ ಹಿಡಿಯಿರಿ.’ ಅರ್ಧದಲ್ಲಿ ಕಾಲ್ ಕಟ್ ಆಗುತ್ತದೆ. ಮತ್ತೆ ಸಿಕ್ಕುವವನು ಬೇರೆ ಇಂಜಿನಿಯರ್, ಅವನಿಗೆ ಮೊದಲಿನಿಂದ ಪುರಾಣ ಹೇಳಬೇಕು. ಕೆಲಸ ಮುಗಿದ ಮೇಲೆ ಸೆಟಪ್ ಚಾರ್ಜ್ ಅವರಿಗೆ, ನನಗೆ ದಿನದ ಕೂಲಿ. ಆಮೇಲೆ ಏನಾದರೂ ಕೆಟ್ಟರೆ ವಾರಂಟಿ ಪತ್ರದಲ್ಲಿ ‘ಸ್ಥಳೀಯ ವೈರಿಂಗ್ ದೋಷ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಒಂದು ಕಡೆ ಹೀಗೆಯೇ ಆಯಿತು, ಕಂಪನಿ ಹೆಸರು ಬೇಡ. ನಾನು ಕಟ್ಟಿದ ಲಗ್‌ನ ಫೋಟೋ ತೆಗೆದಿಟ್ಟಿದ್ದೆ, ಆದ್ದರಿಂದ ಬಚಾವಾದೆ.

ಅಕ್ಕ, ನಿಮ್ಮ ಎಲೆಕ್ಟ್ರಿಷಿಯನ್‌ಗೂ ಸೆಟಪ್ ದಿನದ ದುಡ್ಡು ಮೊದಲೇ ಮಾತಾಡಿ. ಅವನೇ ನಿಮ್ಮ ಕಣ್ಣು ಕೈ.

ಕುಶಾಲನಗರ ಸೋಲಾರ್

ಪೊನ್ನಂಪೇಟೆ ಅಣ್ಣ ಸರಿಯಾಗಿ ಹೇಳಿದರು. ಲಗ್ ವಿಷಯ ಬಂತಲ್ಲ, ಅದನ್ನೇ ಸ್ವಲ್ಪ ಬಿಡಿಸುತ್ತೇನೆ.

5 ಕಿಲೋವ್ಯಾಟ್ ಪೂರ್ತಿ ಎಳೆದರೆ 51 ವೋಲ್ಟಿನಲ್ಲಿ ಹತ್ತಿರ ಹತ್ತಿರ 100 ಆಂಪ್ ಹರಿಯುತ್ತದೆ. ಒಂದು ಜಾಯಿಂಟ್ ಸಡಿಲ ಇದ್ದು ಅಲ್ಲಿ 5 ಮಿಲಿಓಮ್ ರೆಸಿಸ್ಟೆನ್ಸ್ ಬಂತು ಅಂದುಕೊಳ್ಳಿ. ಅಷ್ಟು ಸಣ್ಣ ಜಾಗದಲ್ಲಿ 50 ವ್ಯಾಟ್ ಬಿಸಿ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಅಷ್ಟೇ ಇರುತ್ತದೆ. ಮನೆಯಲ್ಲಿ ಎರಡು ಲೈಟ್, ಒಂದು ಫ್ರಿಜ್ ಓಡುವಾಗ ಏನೂ ಗೊತ್ತಾಗುವುದಿಲ್ಲ. ಗೆಸ್ಟ್ ಬಂದು ಎಲ್ಲ ರೂಮಿನಲ್ಲೂ ಗೀಸರ್ ಹಾಕಿದ ದಿನ ಪ್ಲಾಸ್ಟಿಕ್ ಕರಗುವ ವಾಸನೆ.

ಹಾಗಾಗಿ ಸೆಟಪ್ ದಿನ ಲೋಡ್ ಹಾಕಿ ನೋಡಲೇಬೇಕು. ಇಸ್ತ್ರಿಪೆಟ್ಟಿಗೆ, ಕೆಟಲ್, ಇಂಡಕ್ಷನ್, ಮನೆಯಲ್ಲಿ ಏನಿದೆಯೋ ಅದನ್ನೆಲ್ಲ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಪ್ರತಿ ಜಾಯಿಂಟ್‌ನ ಬಿಸಿಯನ್ನು ಟೆಂಪರೇಚರ್ ಗನ್‌ನಲ್ಲಿ ನೋಡಲಿ. ಕೈ ಇಟ್ಟು ನೋಡುವುದು ಬೇಡ.

ಇನ್ನೊಂದು. ಎರಡು ಬ್ಯಾಟರಿ ಪ್ಯಾರಲಲ್ ಸೇರಿಸುವ ಮೊದಲು ಎರಡರ ವೋಲ್ಟೇಜ್ ಒಂದೇ ಮಟ್ಟಕ್ಕೆ ಬಂದಿರಬೇಕು. ಒಂದು ತುಂಬಿ ಇನ್ನೊಂದು ಖಾಲಿ ಇದ್ದರೆ ಸೇರಿಸಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ. ಮತ್ತೆ ಪ್ರತಿ ಬ್ಯಾಟರಿಗೂ ಸಣ್ಣ ಡಿಪ್ ಸ್ವಿಚ್ ಇರುತ್ತದೆ. ಯಾವುದು ಯಜಮಾನ, ಯಾವುದು ಹಿಂಬಾಲಕ ಅಂತ ಅದರಲ್ಲಿ ಹೇಳಬೇಕು. ಎರಡಕ್ಕೂ ಒಂದೇ ನಂಬರ್ ಕೊಟ್ಟರೆ ಇನ್ವರ್ಟರ್‌ಗೆ ಒಂದೇ ಬ್ಯಾಟರಿ ಕಾಣುತ್ತದೆ, ಇಲ್ಲವೇ ಎರಡೂ ಕಾಣುವುದಿಲ್ಲ.

ವಿರಾಜಪೇಟೆ ಹುಡುಗ

ಸಡಿಲ ಜಾಯಿಂಟನ್ನು ನಾವು ದೂರದಿಂದಲೂ ಹಿಡಿಯುತ್ತೇವೆ ಸರ್. ಬಿಎಂಎಸ್ ತನ್ನ ಕಡೆಯ ವೋಲ್ಟೇಜ್ ಹೇಳುತ್ತದೆ, ಇನ್ವರ್ಟರ್ ತನ್ನ ಟರ್ಮಿನಲ್‌ನದ್ದು ಹೇಳುತ್ತದೆ. ಲೋಡ್ ಇಲ್ಲದಾಗ ಎರಡೂ ಹೆಚ್ಚುಕಮ್ಮಿ ಒಂದೇ. ಲೋಡ್ ಹಾಕಿದಾಗ ಮಧ್ಯೆ ಅಂತರ ಬೆಳೆಯುತ್ತಾ ಹೋದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಅಂತ ಅರ್ಥ. ನೀವು ಹೇಳಿದ 5 ಮಿಲಿಓಮ್‌ಗೆ 100 ಆಂಪ್‌ನಲ್ಲಿ ಅರ್ಧ ವೋಲ್ಟ್. ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಯಾವ ಜಾಯಿಂಟ್ ಅಂತ ಹೇಳಲು ಆಗುವುದಿಲ್ಲ.

ಕುಶಾಲನಗರ ಸೋಲಾರ್

ಇದು ಒಳ್ಳೆಯದು. ಅಕ್ಕ, ಆ ಎರಡು ವೋಲ್ಟೇಜ್‌ನ ಸ್ಕ್ರೀನ್‌ಶಾಟ್, ಲೋಡ್ ಇಲ್ಲದೆ ಒಂದು, ಫುಲ್ ಲೋಡ್‌ನಲ್ಲಿ ಒಂದು, ಕೇಳಿ ತೆಗೆದಿಟ್ಟುಕೊಳ್ಳಿ. ಮುಂದಿನ ವರ್ಷ ಹೋಲಿಸಿ ನೋಡಬಹುದು.

ತೇವದ ಬಗ್ಗೆ ಸಿದ್ದಾಪುರದವರು ಕೇಳಿದ್ದು ತಮಾಷೆಯಲ್ಲ. ದಕ್ಷಿಣ ಕೊರಿಯಾದಲ್ಲಿ 2017ರಿಂದ 2019ರ ನಡುವೆ 23 ಬ್ಯಾಟರಿ ಘಟಕಗಳಿಗೆ ಬೆಂಕಿ ಬಿತ್ತು. ಅಲ್ಲಿನ ಸರ್ಕಾರ ತನಿಖೆ ಮಾಡಿಸಿ 2019ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಹೇಳಿದ ಕಾರಣಗಳು ನೋಡಿ: ಬ್ಯಾಟರಿಗೆ ಇದ್ದಕ್ಕಿದ್ದಂತೆ ನುಗ್ಗುವ ಜಾಸ್ತಿ ವೋಲ್ಟೇಜ್, ಕರೆಂಟ್ ತಡೆಯುವ ರಕ್ಷಣೆ ಸಾಲದು, ಜೋಡಿಸುವಾಗ ಅಜಾಗರೂಕತೆ, ಬ್ಯಾಟರಿ–ಇನ್ವರ್ಟರ್ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವ ವ್ಯವಸ್ಥೆ ಇಲ್ಲ, ಮತ್ತೆ ಬೆಟ್ಟದ ಮೇಲೆ, ಕಡಲ ತೀರದಲ್ಲಿ ಇದ್ದ ಕಡೆ ತೇವ ಹನಿಗಟ್ಟಿ ಧೂಳು ಕೂತದ್ದು. ಅವೆಲ್ಲ ಭಾರೀ ಘಟಕಗಳು, ನಿಮ್ಮ ಮನೆಯ ಬ್ಯಾಟರಿ ಜಾತಿ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಲ್ಲ. ಹೆದರಿಸಲು ಹೇಳಿದ್ದಲ್ಲ. ಆದರೆ ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ನಮ್ಮ ಗೋಡೆಗಳು ಹೇಗೆ ಬೆವರುತ್ತವೆ ಅಂತ ನಮಗೆ ಗೊತ್ತು. ಮಳೆ ಬಡಿಯುವ ಪಡುವಣ ಗೋಡೆಗೆ ಬೇಡ, ಕಾಫಿ ಮೂಟೆ ಇಡುವ ಗೋದಾಮಿನಲ್ಲೂ ಬೇಡ. ಒಳಗೋಡೆಗೆ ಮರದ ಪಟ್ಟಿ ಕೊಡದೆ ಕಬ್ಬಿಣದ ಸ್ಟ್ಯಾಂಡ್ ಹಾಕಿ, ಗೋಡೆಯಿಂದ ಸ್ವಲ್ಪ ಬಿಟ್ಟು ಕೂರಿಸಿ. ಕೇಬಲ್ ಒಳಗೆ ಹೋಗುವ ತೂತನ್ನು ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯುವ ಬಿರಡೆ) ಹಾಕಿ ಮುಚ್ಚಿಸಿ. ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಸಂಸಾರ ಹೂಡುತ್ತವೆ. ಹಲ್ಲಿ ಸುಟ್ಟು ಬೋರ್ಡ್ ಹೋದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ನಾಪೋಕ್ಲು ಹೋಂಸ್ಟೇ

ಪಡುವಣ ಗೋಡೆಗೇ ಜಾಗ ಗುರುತು ಮಾಡಿದ್ದರು! ಬದಲಾಯಿಸುತ್ತೇನೆ. ನೆಟ್ ಹೋದರೆ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ.

ವಿರಾಜಪೇಟೆ ಹುಡುಗ

ಏನೂ ಆಗುವುದಿಲ್ಲ ಅಕ್ಕ. ಸೆಟ್ಟಿಂಗ್ ಇನ್ವರ್ಟರ್ ಒಳಗೇ ಕೂತಿರುತ್ತದೆ. ನೆಟ್ ಬೇಕಾಗುವುದು ನೋಡಲು ಮತ್ತು ಬದಲಾಯಿಸಲು ಮಾತ್ರ. ಬ್ಲೂಟೂತ್ ಅಥವಾ ಅದರದ್ದೇ ವೈಫೈ ಇರುವ ಮಾಡೆಲ್ ಆದರೆ ಎದುರು ನಿಂತು ಫೋನ್‌ನಿಂದ ಬದಲಾಯಿಸಬಹುದು. ಕೊಳ್ಳುವ ಮೊದಲು ಅದನ್ನು ಕೇಳಿ. ನಿಮ್ಮ ಕಡೆಗೆ ಇದು ತುಂಬಾ ಮುಖ್ಯ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ ಅಲ್ವಾ?

ಇನ್ವರ್ಟರನ್ನು ನೆಟ್‌ಗೆ ಸೇರಿಸುವ ವೈಫೈ ಡಾಂಗಲ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಹಿಡಿಯುತ್ತವೆ. ರೂಟರ್‌ನಲ್ಲಿ 5 ಗಿಗಾ ಒಂದೇ ಇಟ್ಟಿದ್ದರೆ ಅರ್ಧ ದಿನ ಅದರಲ್ಲೇ ಕಳೆಯುತ್ತದೆ. ರೂಟರನ್ನೂ ಬ್ಯಾಟರಿ ಕಡೆಯ ಲೈನಿಗೇ ಹಾಕಿಸಿ.

ಇನ್ನು ಕೊಡಗಿಗೆ ಬೇಕಾದ ಒಂದು ಸೆಟ್ಟಿಂಗ್. ಬೆಂಗಳೂರಿನವರು ಸಾಮಾನ್ಯವಾಗಿ ಬಿಲ್ ಉಳಿಸುವ ಹಾಗೆ ಸೆಟ್ ಮಾಡುತ್ತಾರೆ. ರಾತ್ರಿ ಬ್ಯಾಟರಿ ಬಳಸು, ಹಗಲು ಬಿಸಿಲಲ್ಲಿ ತುಂಬು. ಜನವರಿಯಲ್ಲಿ ಸರಿ. ಜುಲೈನಲ್ಲಿ ಹಾಗೆ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಶೇ. 20ಕ್ಕೆ ಇಳಿದಿರುತ್ತದೆ, ಬಿಸಿಲು ಇಲ್ಲ, ಅದೇ ಹೊತ್ತಿಗೆ ಮರ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಕಪ್ ಮೀಸಲು ಶೇ. 90ರ ಆಸುಪಾಸಿಗೆ ಏರಿಸಿ, ಲೈನ್ ಕರೆಂಟಿನಿಂದ ಚಾರ್ಜ್ ಮಾಡುವುದನ್ನು ಆನ್ ಮಾಡಿಸಿ. ಮಳೆ ಬಿಟ್ಟ ಮೇಲೆ ಮತ್ತೆ ಇಳಿಸಬಹುದು. ವರ್ಷಕ್ಕೆ ಎರಡು ಸಲ ಇದನ್ನು ದೂರದಿಂದ ಮಾಡಿಕೊಡಬೇಕು ಅಂತ ಆ ಚಾರ್ಜ್‌ನಲ್ಲೇ ಸೇರಿಸಿ ಬರೆಸಿಕೊಳ್ಳಿ.

ಸೋಮವಾರಪೇಟೆ ಮೇಷ್ಟ್ರು

ಅಕೌಂಟ್ ಯಾರ ಹೆಸರಿನಲ್ಲಿ ಇರುತ್ತದೆ ಅಂತ ಯಾರೂ ಕೇಳಲಿಲ್ಲವಲ್ಲ. ನಮ್ಮ ಸಂಬಂಧಿಕರ ಮನೆಯಲ್ಲಿ ಮಾರಿದವರೇ ಅವರ ಮೇಲ್‌ನಲ್ಲಿ ಅಕೌಂಟ್ ತೆರೆದರು. ಮನೆಯವರಿಗೆ ನೋಡುವ ಹಕ್ಕು ಮಾತ್ರ. ಆಮೇಲೆ ಆ ಅಂಗಡಿಯವರ ಫೋನ್ ಎತ್ತುವವರಿಲ್ಲ. ಸ್ವಂತ ಬ್ಯಾಟರಿಯ ಒಂದು ಸೆಟ್ಟಿಂಗ್ ಬದಲಾಯಿಸಲು ಅಲೆದಾಟ.

ಅಕೌಂಟ್ ನಿಮ್ಮ ಮೇಲ್‌ನಲ್ಲಿ ಇರಲಿ, ಅವರಿಗೆ ನೀವು ಪ್ರವೇಶ ಕೊಡಿ. ಸೆಟಪ್ ಮುಗಿದ ಮೇಲೆ ಪಾಸ್‌ವರ್ಡ್ ಬದಲಾಯಿಸಿ. ಡಾಂಗಲ್‌ನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಪಾಸ್‌ವರ್ಡ್ ಹಾಗೇ ಬಿಡಬೇಡಿ. 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಕೆಲವರ ಮನೆಯ ಇನ್ವರ್ಟರ್‌ಗಳು ಇದ್ದಕ್ಕಿದ್ದಂತೆ ಬಂದ್ ಆದವು. ಮಾರಾಟದ ಹಕ್ಕಿನ ಜಗಳ, ಅನುಭವಿಸಿದವರು ಮನೆಯವರು. ದೂರದಿಂದ ಆನ್ ಮಾಡಬಲ್ಲವರು ಆಫ್ ಕೂಡ ಮಾಡಬಲ್ಲರು.

ಸಿದ್ದಾಪುರ ತೋಟ

ನಾನು ಮೊದಲೇ ಹೇಳಲಿಲ್ಲವಾ!

ಸರಿ, ವಿರಾಜಪೇಟೆ ತಮ್ಮ, ನಿನಗೆ ಒಂದು ಪ್ರಶ್ನೆ. ನಮ್ಮದು ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಕೊನೆಯ ಮನೆ. ಫೆಬ್ರವರಿ–ಮಾರ್ಚ್‌ನಲ್ಲಿ ಎಲ್ಲರೂ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದರೆ ವೋಲ್ಟೇಜ್ 165–175ರಲ್ಲಿ ಕುಣಿಯುತ್ತದೆ. ಇನ್ವರ್ಟರ್ ಟಕ್ ಟಕ್ ಅಂತ ಬ್ಯಾಟರಿಗೆ ಹೋಗುತ್ತದೆ, ವಾಪಸ್ ಬರುತ್ತದೆ. ಹಾಕಿದವನನ್ನು ಕೇಳಿದರೆ ಲೈನ್ ಸರಿ ಇಲ್ಲ ಅನ್ನುತ್ತಾನೆ.

ವಿರಾಜಪೇಟೆ ಹುಡುಗ

ಅಂಕಲ್, ನಿಮ್ಮ ಇನ್ವರ್ಟರ್ ‘ಯುಪಿಎಸ್ ಮೋಡ್’ನಲ್ಲಿ ಇರಬೇಕು. ಆ ಮೋಡ್‌ನಲ್ಲಿ ಸಾಮಾನ್ಯವಾಗಿ 170ರಿಂದ 280 ವೋಲ್ಟ್ ಮಾತ್ರ ಒಪ್ಪುತ್ತದೆ. ‘ಅಪ್ಲಯನ್ಸ್ ಮೋಡ್’ ಆದರೆ 90ರಿಂದ 280. ಮೆನುವಿನಲ್ಲಿ ಒಂದೇ ಸಾಲು. ಆದರೆ ಅದನ್ನು ಬದಲಾಯಿಸಿದರೆ ಕಡಿಮೆ ವೋಲ್ಟೇಜ್ ಹಾಗೇ ಮನೆಯೊಳಗೆ ಬರುತ್ತದೆ, ಫ್ರಿಜ್‌ಗೆ ಸ್ಟೆಬಿಲೈಸರ್ ಇದೆಯಾ ನೋಡಿಕೊಳ್ಳಿ. ಮಾಡೆಲ್ ನಂಬರ್ ಮತ್ತು ಆ ದಿನದ ವೋಲ್ಟೇಜ್ ಗ್ರಾಫ್ ಕಳುಹಿಸಿ, ನೋಡಿ ಹೇಳುತ್ತೇನೆ.

ಸಿದ್ದಾಪುರ ತೋಟ

ಮೆನುವಿನಲ್ಲಿ ಆ ಸಾಲು ಸಿಕ್ಕಿತು. ಬದಲಾಯಿಸಿದೆ, ಟಕ್ ಟಕ್ ನಿಂತಿದೆ. ಸ್ಟೆಬಿಲೈಸರ್ ಇದೆ. ಆದರೂ ಮೊದಲ ಸಲಕ್ಕೆ ಮನುಷ್ಯ ಬರಬೇಕು ಅನ್ನುವ ನನ್ನ ಮಾತು ಬದಲಾಗಿಲ್ಲ.

ಕುಶಾಲನಗರ ಸೋಲಾರ್

ಯಾರೂ ಎತ್ತದ ಒಂದು ಅಪಾಯದ ವಿಷಯ ಉಳಿದಿದೆ. ದಯವಿಟ್ಟು ಗಮನ ಕೊಡಿ.

ಲೈನ್ ಕರೆಂಟ್ ಇರುವಾಗ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಸೇರಿರುತ್ತದೆ. ಕರೆಂಟ್ ಹೋದಾಗ ಎಷ್ಟೋ ಹೈಬ್ರಿಡ್ ಇನ್ವರ್ಟರ್‌ಗಳು ಫೇಸ್ ಜೊತೆ ನ್ಯೂಟ್ರಲನ್ನೂ ಬಿಡಿಸಿಕೊಳ್ಳುತ್ತವೆ. ಆಗ ಮನೆಯ ನ್ಯೂಟ್ರಲ್‌ಗೂ ಭೂಮಿಗೂ ಸಂಬಂಧವೇ ಇಲ್ಲ. ಗೀಸರ್‌ನಲ್ಲೋ ವಾಷಿಂಗ್ ಮೆಷಿನ್‌ನಲ್ಲೋ ಕರೆಂಟ್ ಲೀಕ್ ಆದರೆ ಆರ್‌ಸಿಸಿಬಿ, ಅಂದರೆ ಲೀಕ್ ಕಂಡ ಕೂಡಲೇ ಕರೆಂಟ್ ಕಡಿಯುವ ಸ್ವಿಚ್, ಬೀಳುವುದಿಲ್ಲ. ಬ್ಯಾಕಪ್‌ಗೆ ಹೋದಾಗ ಮಾತ್ರ ನ್ಯೂಟ್ರಲನ್ನು ಅರ್ಥ್‌ಗೆ ಸೇರಿಸುವ ರಿಲೇ ಇರಬೇಕು. ಕೆಲವು ಮಾಡೆಲ್‌ಗಳಲ್ಲಿ ಒಳಗೇ ಇರುತ್ತದೆ, ಮೆನುವಿನಲ್ಲಿ ಆನ್ ಮಾಡಬೇಕು. ಕೆಲವಕ್ಕೆ ಹೊರಗೆ ಹಾಕಬೇಕು.

ಮಜಾ ಏನೆಂದರೆ, ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಆಗಲೂ ಬೀಳುತ್ತದೆ! ಆ ಬಟನ್ ಫೇಸ್–ನ್ಯೂಟ್ರಲ್ ನಡುವೆಯೇ ಕೆಲಸ ಮಾಡುವುದು, ಅರ್ಥ್ ಜೊತೆ ಅದಕ್ಕೆ ಸಂಬಂಧವಿಲ್ಲ. ವಿಡಿಯೋದಲ್ಲಿ ಬಟನ್ ಒತ್ತಿ ತೋರಿಸಿ ‘ಓಕೆ’ ಅನ್ನಿಸಿಕೊಂಡರೆ ಏನೂ ಸಾಬೀತಾಗಲಿಲ್ಲ. ಮೇನ್ ಆಫ್ ಮಾಡಿ, ಮನೆಯನ್ನು ಬ್ಯಾಟರಿ ಮೇಲೆ ಓಡಿಸಿ, ಪ್ಲಗ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ನೂರರ ಸುತ್ತ ತೋರಿಸಿದರೆ ನ್ಯೂಟ್ರಲ್ ತೇಲುತ್ತಿದೆ. ಆರ್‌ಸಿಸಿಬಿ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ ಆದರೆ ಇನ್ನೂ ಒಳ್ಳೆಯದು. ಇದನ್ನು ಮಾಡುವವರೆಗೆ ಸೆಟಪ್ ಮುಗಿಯಿತು ಅಂತ ಸಹಿ ಹಾಕಬೇಡಿ.

ಪೊನ್ನಂಪೇಟೆ ವೈರಿಂಗ್

ನಿಜ. ಫೋನ್‌ನಲ್ಲಿ ನನಗೆ ಯಾರೂ ಇದನ್ನು ಕೇಳಿಲ್ಲ. ಇನ್ನು ಮೇಲೆ ನಾನೇ ತೋರಿಸುತ್ತೇನೆ.

ಗೀಸರ್‌ಗಳನ್ನು ಬ್ಯಾಕಪ್ ಲೈನಿನಿಂದ ಹೊರಗಿಡಿ ಅಕ್ಕ. ಬೋರ್‌ವೆಲ್ ಮೋಟಾರ್ ಕೂಡ. ಅದು ಸ್ಟಾರ್ಟ್ ಆಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ.

ಗೋಣಿಕೊಪ್ಪ ಕಾಫಿ

ಮಧ್ಯೆ ಬಾಯಿ ಹಾಕುತ್ತೇನೆ. ಬ್ಯಾಟರಿಗೆ ಸಬ್ಸಿಡಿ ಇದೆಯಾ?

ಕುಶಾಲನಗರ ಸೋಲಾರ್

ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿನ ಪ್ಯಾನೆಲ್‌ಗೆ ಇದೆ. 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ. ಬ್ಯಾಟರಿ ಖರ್ಚು ನಿಮ್ಮದೇ. ಬ್ಯಾಟರಿ ಇಲ್ಲದ ಬರೀ ಆನ್‌ಗ್ರಿಡ್ (ಲೈನ್ ಕರೆಂಟಿಗೆ ಸೇರಿಸಿದ ಸೋಲಾರ್) ಹಾಕಿಸಿದರೆ ಕರೆಂಟ್ ಹೋದಾಗ ಬಿಸಿಲಿದ್ದರೂ ಅದು ನಿಂತುಹೋಗುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಇರುವ ನಿಯಮ ಅದು.

ನಾಪೋಕ್ಲು ಹೋಂಸ್ಟೇ

ಎಲ್ಲರಿಗೂ ಥ್ಯಾಂಕ್ಸ್. ಅವರ ಜೊತೆ ಮಾತಾಡಿದೆ. ರಿಮೋಟ್ ಸೆಟಪ್‌ಗೆ ಒಪ್ಪಿದ್ದೇನೆ, ಆದರೆ ಕೆಲವು ಮಾತು ಬರೆಸಿಕೊಂಡೆ. ಕೇಬಲ್ ಅವರೇ ಕಳುಹಿಸಬೇಕು. ಮೊದಲಿನಿಂದ ಕೊನೆವರೆಗೆ ಒಬ್ಬನೇ ಇಂಜಿನಿಯರ್ ಲೈನಿನಲ್ಲಿ ಇರಬೇಕು. ಅಕೌಂಟ್ ನನ್ನ ಹೆಸರಿಗೆ. ನ್ಯೂಟ್ರಲ್–ಅರ್ಥ್ ಅಳತೆ, ಲೋಡ್ ಹಾಕಿದಾಗಿನ ವೋಲ್ಟೇಜ್ ಎಲ್ಲ ಅವರ ರಿಪೋರ್ಟ್‌ನಲ್ಲಿ ಬರಬೇಕು. ದೂರದಿಂದ ಸರಿಯಾಗದಿದ್ದರೆ ಅದೇ ದುಡ್ಡಿಗೆ ಮನುಷ್ಯ ಬರಬೇಕು ಅಂದೆ. ಇದಕ್ಕೆ ಮಾತ್ರ ಸ್ವಲ್ಪ ಎಳೆದಾಡಿದರು, ಕೊನೆಗೆ ಹೋಗಿಬರುವ ಖರ್ಚು ನಾನು ಕೊಟ್ಟರೆ ಆಗಬಹುದು ಅಂದರು. ನಮ್ಮ ಎಲೆಕ್ಟ್ರಿಷಿಯನ್‌ಗೂ ಸೆಟಪ್ ದಿನದ್ದು ಬೇರೆ ಮಾತಾಡಿದ್ದೇನೆ. ಮೇ ತಿಂಗಳೊಳಗೆ ಮುಗಿಸಬೇಕು ಅಂತ ಇದೆ.

ಕೊನೆಯದಾಗಿ, ಹಳೆಯ 5 ಕೆವಿಎ ಜನರೇಟರ್ ಮಾರಿಬಿಡಲಾ? ಒಬ್ಬರು ಕೇಳುತ್ತಿದ್ದಾರೆ.

ವಿರಾಜಪೇಟೆ ಹುಡುಗ

ಮಾರಬೇಡಿ. ಎರಡು ಬ್ಯಾಟರಿ ಸೇರಿ ಸುಮಾರು 10 ಯೂನಿಟ್, ಬಳಸಲು ಸಿಗುವುದು 9. ಗೀಸರ್ ಇಲ್ಲದೆ ಸರಾಸರಿ 400 ವ್ಯಾಟ್ ಓಡಿದರೆ ಒಂದು ದಿನಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕು ದಿನ ಕರೆಂಟ್ ಇಲ್ಲ, ಬಿಸಿಲೂ ಇಲ್ಲ ಅಂದರೆ ಜನರೇಟರ್ ಬೇಕೇ ಬೇಕು. ಆದರೆ ರಾತ್ರಿಯಿಡೀ ಓಡಿಸಬೇಕಾಗಿಲ್ಲ. ಹಗಲು ನಾಲ್ಕೈದು ಗಂಟೆ ಓಡಿಸಿ ಬ್ಯಾಟರಿ ತುಂಬಿಕೊಳ್ಳಿ.

ಜನರೇಟರ್‌ನಿಂದ ಚಾರ್ಜ್ ಆಗುವ ಕರೆಂಟಿಗೆ ಬೇರೆ ಮಿತಿ ಇರುತ್ತದೆ. ಅದನ್ನು 40 ಆಂಪ್‌ಗೆ ಇಡಿಸಿ, ಅಂದರೆ 2 ಕಿಲೋವ್ಯಾಟ್ ಆಸುಪಾಸು. ಜಾಸ್ತಿ ಇಟ್ಟರೆ ಮನೆಯ ಲೋಡ್ ಸೇರಿ ಜನರೇಟರ್ ಉಸಿರುಗಟ್ಟುತ್ತದೆ. ಸೆಟಪ್ ದಿನ ಡೀಸೆಲ್ ಹಾಕಿಟ್ಟಿರಿ, ಫೋನ್‌ನಲ್ಲಿ ಇಂಜಿನಿಯರ್ ಇರುವಾಗಲೇ ಸ್ಟಾರ್ಟ್ ಮಾಡಿ ಅದನ್ನೂ ಟೆಸ್ಟ್ ಮಾಡಿಸಿ.